ಬಿ ಸೈಡಿನ ಮೂರನೇ ಹಾಡು

ನಾನು ಚಿಕ್ಕವನಿದ್ದಾಗ ಹಾಡು ಕೇಳಬೇಕಾದರೆ ಮೊದಲು ಬಿಸಿಲು ಬೇಕಾಗಿತ್ತು. ನಗಬೇಡಿ ಮಕ್ಕಳೇ, ನಿಜವಾಗಿಯೂ. ನಮ್ಮ ಟೇಪ್ ರೆಕಾರ್ಡರಿಗೆ ನಾಲ್ಕು ದಪ್ಪ ಸೆಲ್ ಹಾಕಬೇಕಿತ್ತು. ಅವು ಸೋತು ಹಾಡು ಎಳೆಯತೊಡಗಿದರೆ ತೆಗೆದು ಅಂಗಳದ ಕಲ್ಲಿನ ಮೇಲೆ ಒಣಗಿಸುತ್ತಿದ್ದೆವು. ಕಾದು ಬೆಚ್ಚಗಾದ ಸೆಲ್ಲುಗಳಿಗೆ ಮತ್ತೆ ಐದಾರು ಹಾಡಿನಷ್ಟು ಜೀವ ಬರುತ್ತಿತ್ತು. ಕ್ಯಾಸೆಟ್ಟನ್ನು ಹಿಂದಕ್ಕೆ ಸುತ್ತಲು ಆ ಸೆಲ್ಲನ್ನು ದಂಡ ಮಾಡುವಂತಿರಲಿಲ್ಲ. ತೂತಿಗೆ ಪೆನ್ಸಿಲ್ ತೂರಿಸಿ ಗರಗರ ತಿರುಗಿಸುವುದು ನನ್ನ ಕೆಲಸ.

ಅಪ್ಪ ಸಂಸೆಯ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಕೆಲಸದವರ ಹಾಜರಿ ಕೂಗಿ ಬರೆದುಕೊಳ್ಳುವುದು ಅವರ ಕೆಲಸ. ಒಮ್ಮೆ ಚಿಕ್ಕಮಗಳೂರಿಗೆ ಹೋದವರು ಭಾವಗೀತೆಗಳ ಕ್ಯಾಸೆಟ್ ತಂದರು. ಮನೆಯಲ್ಲಿದ್ದದ್ದು ಅದೊಂದೇ. ಎರಡು ಸೈಡು, ಸೈಡಿಗೆ ನಾಲ್ಕು ಹಾಡು. ಅಕ್ಕನಿಗೆ ಎ ಸೈಡಿನ ಮೊದಲನೇ ಹಾಡೆಂದರೆ ಪ್ರಾಣ. ನನಗೆ ಬಿ ಸೈಡಿನ ಮೂರನೆಯದು. ಅದರಲ್ಲಿ ಗಾಯಕಿ ಶುರು ಮಾಡುವ ಮೊದಲು ಕೊಳಲೊಂದೇ ಬರುತ್ತಿತ್ತು. ಅದು ಮುಗಿಯುವ ತನಕ ನಾನು ಉಸಿರು ಬಿಗಿಹಿಡಿದು ಕೂರುತ್ತಿದ್ದೆ. ಇದು ನನ್ನ ಹಾಡು, ಅದು ಅಕ್ಕನ ಹಾಡು ಎಂದು ನಾವಿಬ್ಬರೇ ಪಾಲು ಮಾಡಿಕೊಂಡಿದ್ದೆವು.

ಅಂಗಡಿಯಿಂದ ತಂದ ಅಂಥ ಕ್ಯಾಸೆಟ್ಟಿನ ಮೇಲೆ ಬೇರೇನನ್ನೂ ತುಂಬಲು ಬರುತ್ತಿರಲಿಲ್ಲ. ಅದರ ಬೆನ್ನಿನಲ್ಲಿ ಸೈಡಿಗೊಂದರಂತೆ ಎರಡು ಪುಟ್ಟ ಕುಳಿ ಇರುತ್ತಿದ್ದವು. ಆ ಕುಳಿಗೆ ಕಾಗದದ ಉಂಡೆ ತುರುಕಿದರೆ ರೆಕಾರ್ಡ್ ಮಾಡುವ ಕೆಂಪು ಗುಂಡಿ ಕೆಳಗಿಳಿಯುತ್ತಿತ್ತು; ಹಳೆಯ ಹಾಡು ಅಳಿಸಿಹೋಗಿ ನಮ್ಮ ದನಿ ಕೂರುತ್ತಿತ್ತು. ಕಳಸದ ರೇಡಿಯೋ ರಿಪೇರಿಯವರಿಂದ ಈ ವಿದ್ಯೆ ಕಲಿತು ಬಂದವನು ನಾನೇ. ಜಂಬದಿಂದ ಅಕ್ಕನಿಗೆ ಹೇಳಿಕೊಟ್ಟವನೂ ನಾನೇ.

ಕಾಫಿ ಹೂ ಬಿಟ್ಟಿದ್ದ ದಿನಗಳವು. ಸ್ಕೂಲಿನಿಂದ ಬರುವ ದಾರಿಯ ಎರಡೂ ಕಡೆ ಗಿಡಗಳೆಲ್ಲ ಬೆಳ್ಳಗಾಗಿ, ಮಲ್ಲಿಗೆಯಂಥ ಪರಿಮಳ ಮೂಗಿಗೆ ಅಡರಿ, ಜೇನುಹುಳುಗಳ ಗುಂಯ್ ಸದ್ದು ತೋಟದ ತುಂಬ ಇತ್ತು. ಸಂಜೆ ಬರುವಷ್ಟರಲ್ಲಿ ಸೆಲ್ ಒಣಗಿಸಿಡುತ್ತೇನೆ ಎಂದು ಅಕ್ಕ ಬೆಳಿಗ್ಗೆಯೇ ಮಾತು ಕೊಟ್ಟಿದ್ದಳು. ಮನೆ ಕಂಡದ್ದೇ ಓಡಿದೆ. ಚೀಲ ಬಿಸಾಡಿ ಟೇಪಿನ ಗುಂಡಿ ಒತ್ತಿದೆ.

ಅದರೊಳಗಿಂದ ಅಪ್ಪ ಮಾತಾಡಿದರು.

“ನಮಸ್ಕಾರ. ಈಗ ನಮ್ಮ ಮಗಳು ಎರಡು ದೇವರನಾಮ ಹಾಡ್ತಾಳೆ” ಎಂದರು, ಥೇಟ್ ಹಾಜರಿ ಕೂಗುವ ಗತ್ತಿನಲ್ಲಿ. ಆಮೇಲೆ ಅಕ್ಕನ ಹೆದರಿದ ದನಿ. ನಡುವೆ ನಮ್ಮ ಹೇಂಟೆ ಕೊಕ್ಕೊಕ್ಕೋ ಎಂದಿತು, ಅಪ್ಪ “ಹುಶ್” ಎಂದರು, ಅಕ್ಕ ತಡವರಿಸಿ ಮತ್ತೆ ಮೊದಲಿಂದ ಹಾಡಿದಳು. ನನಗೆ ನಗು ಬಂತು. ಮರುಕ್ಷಣವೇ ಹೊಳೆಯಿತು. ಇದು ಬಿ ಸೈಡು! ಎರಡನೇ ದೇವರನಾಮವೂ ಮುಗಿದು, ಟಕ್ ಎಂದು ಸದ್ದಾಗಿ, ನನ್ನ ಮೂರನೇ ಹಾಡಿನ ಕೊನೆಯ ಎರಡು ಸಾಲು ಮಾತ್ರ ಕೇಳಿಸಿತು. ಕೊಳಲು ಹೋಗಿಬಿಟ್ಟಿತ್ತು. ನಾನು ಗಟ್ಟಿಯಾಗಿ ಅತ್ತೆ.

ಚಿಕ್ಕಮಗಳೂರಿನ ಗಂಡಿನ ಕಡೆಯವರು, ಹುಡುಗಿ ಹಾಡುತ್ತಾಳಂತೆ, ನೋಡಲು ಬರುವ ಮೊದಲು ದನಿ ಕೇಳಿಸಿ ಎಂದಿದ್ದರಂತೆ. ಮರುದಿನದ ಮೊದಲ ಬಸ್ಸಿಗೆ ಹೋಗುವವರ ಕೈಯಲ್ಲಿ ಕ್ಯಾಸೆಟ್ ಕಳಿಸಬೇಕಿತ್ತು.

“ಖಾಲಿ ಕ್ಯಾಸೆಟ್ ತರಕ್ಕೆ ಮೂಡಿಗೆರೆಗೇ ಹೋಗ್ಬೇಕು ಮಾರಾಯ. ಪುರುಸೊತ್ತೆಲ್ಲಿತ್ತು? ಅಕ್ಕನ ಮದುವೆಗಿಂತ ನಿನ್ನ ಹಾಡು ದೊಡ್ಡದಾ?” ಎಂದು ಹೇಳಿ ಅಪ್ಪ ಆಫೀಸಿಗೆ ಹೊರಟುಹೋದರು.

ನಾನು ಅಕ್ಕನ ಎದುರು ಹೋಗಿ ನಿಂತೆ. ಅವಳು ಅಕ್ಕಿ ಆರಿಸುತ್ತಿದ್ದಳು.

“ಎ ಸೈಡಲ್ಲಿ ಹಾಡ್ಬಹುದಿತ್ತಲ್ಲ?”

ಅವಳು ಮೊರದಿಂದ ಕಣ್ಣು ತೆಗೆಯಲಿಲ್ಲ. “ಅದ್ರಲ್ಲಿ ನನ್ನ ಹಾಡು ಇದ್ಯಲ್ಲೋ” ಎಂದಳು.

ಅಪ್ಪನ ಮೇಲಿದ್ದ ಸಿಟ್ಟು ಅಲ್ಲೇ ಇಳಿಯಿತು. ಯಾವ ಹಾಡು ಯಾರದೆಂದು ಅವರಿಗೇನು ಗೊತ್ತು? ಅಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನದನ್ನು ಕೊಟ್ಟು ತನ್ನದನ್ನು ಉಳಿಸಿಕೊಂಡಿದ್ದಳು. ಅದೂ ನಾನೇ ಕಲಿಸಿದ ವಿದ್ಯೆಯಿಂದ! ನಂಬಿಸಿ ಕತ್ತು ಕೊಯ್ಯುವುದು ಎಂದರೆ ಏನೆಂದು ನನಗೆ ಅವತ್ತು ತಿಳಿಯಿತು.

ಅಕ್ಕ ನೀರು ತರಲು ಹೋದಾಗ ನಾನು ಕಾಗದದ ಇನ್ನೊಂದು ಉಂಡೆ ಮಾಡಿದೆ. ಕ್ಯಾಸೆಟ್ ತಿರುವಿ ಹಾಕಿ, ಎ ಸೈಡನ್ನು ಮೊದಲಿಗೆ ಸುತ್ತಿ, ಕೆಂಪು ಗುಂಡಿ ಒತ್ತಿ ಸುಮ್ಮನೆ ಕೂತೆ. ಒಂದು ಹಾಡಿನಷ್ಟು ಹೊತ್ತು. ಆಮೇಲೆ ನಿಲ್ಲಿಸಿ, ಉಂಡೆ ಕಿತ್ತೆಸೆದು, ಬಿ ಸೈಡನ್ನು ಮತ್ತೆ ಮೊದಲಿಗೆ ಸುತ್ತಿಟ್ಟೆ. ಹೊಟ್ಟೆ ತಣ್ಣಗಾಯಿತು.

ಬೆಳಿಗ್ಗೆ ಕ್ಯಾಸೆಟ್ ಹೋಯಿತು. ದನಿ ಹಿಡಿಸಿತೆಂದು ಕಾಗದ ಬಂತು, ಮದುವೆಯೂ ಆಯಿತು. ಕ್ಯಾಸೆಟ್ ಮಾತ್ರ ವಾಪಸ್ ಬರಲಿಲ್ಲ. ಅದಿದ್ದ ಮನೆಗೆ ಅಕ್ಕನೇ ಹೋದಳು.

ಈಗ ನೀವು ಫೋನಿಗೆ ಹಾಡಿನ ಹೆಸರು ಹೇಳಿದರೆ ಸಾಕು, ಮಳೆಯಿರಲಿ ಬಿಸಿಲಿರಲಿ, ಬಂದುಬಿಡುತ್ತದೆ. ಒಬ್ಬರ ಹಾಡನ್ನು ಇನ್ನೊಬ್ಬರು ಅಳಿಸಿದರೂ ಕಾಫಿ ಕುಡಿಯುವುದರೊಳಗೆ ಮತ್ತೆ ಸಿಗುತ್ತದೆ, ನಿಮ್ಮ ಜಗಳವೂ ಅಷ್ಟರಲ್ಲೇ ಮುಗಿಯುತ್ತದೆ. ಮೊನ್ನೆ ನನ್ನ ಹಾಡನ್ನೂ ಹುಡುಕಿಕೊಟ್ಟಿರಿ. ಕೇಳುತ್ತ ಕೇಳುತ್ತ ಹಳೆಯ ಸಿಟ್ಟೇ ಬಂತು ನನಗೆ. ಅಕ್ಕ ಮಾಡಿದ್ದು ಮೋಸವೇ, ಈ ವಯಸ್ಸಿನಲ್ಲೂ ಹಾಗೆಯೇ ಹೇಳುತ್ತೇನೆ.

ಆದರೆ ಗುರುತಿಲ್ಲದವರ ಮನೆಯಲ್ಲಿ, ತವರಿನದೆಂದು ಇದ್ದ ಆ ಒಂದು ಕ್ಯಾಸೆಟ್ ಹಾಕಿಕೊಂಡು, ಅವಳು ತನ್ನ ಹಾಡು ಬರಲೆಂದು ಕಾದು ಕೂತಿರಬೇಕು. ಹಾಡು ಅಳಿಸಿಹೋದ ಮಾತನ್ನು ಅವಳು ಇವತ್ತಿಗೂ ಎತ್ತಿಲ್ಲ. ಅವಳ ಹಾಡೂ ನಿಮ್ಮ ಫೋನಿನಲ್ಲಿ ಇದ್ದೇ ಇರುತ್ತದೆ, ನನಗೆ ಗೊತ್ತು. ಅವಳು ನಮ್ಮ ಮನೆಗೆ ಬಂದಾಗ ಅದನ್ನು ಹಾಕಿ ಎಂದು ನಿಮಗೆ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.