ಗಾಡಿದಾರಿ ಎಂದು ಬರೆದ ಹಳ್ಳ

ನೀರಿನ ಪರೀಕ್ಷಕಿ ಸರಪಳಿ ಮೇಷ್ಟ್ರನ್ನು ಮೊದಲು ನೋಡಿದ್ದು ಒಂದು ಮಂಗಳವಾರ, ಹತ್ತು ಗಂಟೆಗೆ ಇನ್ನೂ ಐದು ನಿಮಿಷವಿದ್ದಾಗ. ಅವಳು ಆ ಊರಿನ ನೀರು ಮಂಡಳಿಗೆ ಸೇರಿ ಮೂರೇ ತಿಂಗಳಾಗಿತ್ತು. ಪ್ರಯೋಗಾಲಯವೆಂದರೆ ಕೆರೆಯ ಪಂಪ್‌ಹೌಸಿಗೆ ಅಂಟಿಕೊಂಡ ಒಂದೇ ಕೋಣೆ. ಒಂದು ಸಿಂಕು, ಬಾಗಿಲು ನೆಟ್ಟಗೆ ಮುಚ್ಚದ ಒಂದು ಫ್ರಿಜ್ಜು, ಗಾಜಿನ ನಳಿಗೆಗಳ ಸಾಲು, ಗೋಡೆಯ ಮೇಲೆ ಕೆರೆಗೆ ನೀರು ತರುವ ಹಳ್ಳಗಳ ನಕ್ಷೆ. ಬಾಗಿಲಲ್ಲಿ ನಿಂತಿದ್ದವರ ಅಂಗಿಗೆ ಗರಿಗರಿಯಾಗಿ ಇಸ್ತ್ರಿಯಾಗಿತ್ತು, ಪ್ಯಾಂಟು ಮಾತ್ರ ಮೊಣಕಾಲಿನವರೆಗೆ ಒದ್ದೆ. ಚಪ್ಪಲಿ ಹೊರಗೆ ಬಿಟ್ಟು ಒಳಬಂದವರು ಪೇಪರಿನಲ್ಲಿ ಸುತ್ತಿದ ಬಾಟಲಿಯೊಂದನ್ನು ಮೇಜಿನ ಮೇಲಿಟ್ಟು, ಅಂಚಿನಿಂದ ಒಂದು ಗೇಣು ಒಳಕ್ಕೆ ಸರಿಸಿದರು.

"ಇದನ್ನೊಂಚೂರು ನೋಡಿ ತಾಯಿ."

"ಎಲ್ಲಿಯ ನೀರು ಸರ್?"

"ಮೊದಲು ನೋಡಿ, ಆಮೇಲೆ ಹೇಳ್ತೀನಿ. ಈಗಲೇ ಹೇಳಿದ್ರೆ ನಿಮ್ಮ ಯಂತ್ರಕ್ಕೂ ದಾಕ್ಷಿಣ್ಯ ಬಂದುಬಿಡುತ್ತೆ."

ಅವಳಿಗೆ ನಗು ಬಂತು. ಎರಡು ದಿನದ ಮೇಲೆ ಫಲಿತಾಂಶ ನೋಡಿದಾಗ ನಗು ಬರಲಿಲ್ಲ. ಅದು ನೀರಲ್ಲ, ಹೆಚ್ಚುಕಮ್ಮಿ ಕಕ್ಕಸುಗುಂಡಿಯ ರಸ. ಹೊಸ ಬಡಾವಣೆಯ ಮೂರನೇ ಬೀದಿಯ ಮೋರಿಯಿಂದ ತಂದದ್ದು, ಅಲ್ಲಿಂದ ಹರಿದು ನೇರವಾಗಿ ಕೆರೆಗೆ ಸೇರುತ್ತಿದೆ ಎಂದು ಅವರು ಆಗ ಹೇಳಿದರು. ಊರಿಗೆ ಊರೇ ಕುಡಿಯುವುದು ಆ ಕೆರೆಯ ನೀರನ್ನು.

ಅವಳು ನಕ್ಷೆಯ ಮುಂದೆ ನಿಂತು ಹುಡುಕಿದಳು. "ಅಲ್ಲಿ ಹಳ್ಳವೇ ಇಲ್ವಲ್ಲ ಸರ್?"

"ಹೇಗಿರುತ್ತೆ? ಆ ನಕ್ಷೆ ಬರೆದ ಪುಣ್ಯಾತ್ಮ ನಾನೇ."

ಅವರು ನಿವೃತ್ತ ಮೋಜಣಿದಾರರು. ಅಳತೆಯ ಸರಪಳಿ ಹಿಡಿಯುವುದನ್ನು ಎಷ್ಟೋ ಜನರಿಗೆ ಕಲಿಸಿದ್ದರಿಂದ ಕಚೇರಿಯಲ್ಲಿ ಅವರಿಗೆ ಸರಪಳಿ ಮೇಷ್ಟ್ರು ಎಂದೇ ಹೆಸರು. ಹನ್ನೆರಡು ವರ್ಷದ ಹಿಂದೆ ಮಂಡಳಿ ಒಂದು ನಿಯಮ ಮಾಡಿತ್ತು: ಕೆರೆಗೆ ಬರುವ ಪ್ರತಿ ಹಳ್ಳದ ಎರಡೂ ಬದಿಗೆ ನೂರು ಹೆಜ್ಜೆ ಜಾಗದಲ್ಲಿ ಯಾರೂ ಮನೆ ಕಟ್ಟುವಂತಿಲ್ಲ. ಹಳ್ಳಗಳನ್ನು ಗುರುತಿಸುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ಅಳತೆಯವರು ಅಳೆಯುವುದೇ ಬೇಸಿಗೆಯಲ್ಲಿ. ಕೆಸರಿಲ್ಲ, ಕಳೆಯಿಲ್ಲ, ಸರಪಳಿ ನೆಲಕ್ಕೆ ನೆಟ್ಟಗೆ ಕೂರುತ್ತದೆ. ಇಳಿಜಾರಿನಲ್ಲಿ ಅವರಿಗೆ ಕಂಡದ್ದು ಬರೀ ಕಲ್ಲು ತುಂಬಿದ ಒಣ ತಗ್ಗು, ಅದರಲ್ಲಿ ಚಕ್ರದ ಗೆರೆ. 'ಹಳೆಯ ಗಾಡಿದಾರಿ' ಎಂದು ಬರೆದರು. ಆ ತಗ್ಗಿನ ಮೇಲ್ತುದಿಯ ನಾಲ್ಕು ಎಕರೆ ಅವರ ಸ್ವಂತ ಅಕ್ಕನದು. "ಅದು ಹಳ್ಳ ಕಣೋ. ಮಳೆಗಾಲದಲ್ಲಿ ಬಾ, ಈಜು ಕಲಿಸ್ತೀನಿ," ಎಂದಿದ್ದಳು ಅಕ್ಕ. "ನೀನು ಬೇಸಾಯ ನೋಡ್ಕೊ ಅಕ್ಕಾ, ಸರಪಳಿ ನನಗೆ ಬಿಡು," ಎಂದಿದ್ದರು ಮೇಷ್ಟ್ರು. ಜೊತೆಗಿದ್ದವರೆಲ್ಲ ಗೊಳ್ಳೆಂದು ನಕ್ಕಿದ್ದರು.

ಐದೇ ವರ್ಷದಲ್ಲಿ ಕೆಳಗಿನ ಇಳಿಜಾರು ಬಡಾವಣೆಯಾಯಿತು. ಒಣ ತಗ್ಗಿನ ಮೇಲೆಯೇ ಮೂರನೇ ಬೀದಿ ಬಂತು. ಅಲ್ಲಿನ ಏಳನೇ ಮನೆ ಮೇಷ್ಟ್ರ ಮಗಳದು. "ನಾನೇ ಅಳೆದ ಜಾಗ, ಕಣ್ಣುಮುಚ್ಚಿ ತಗೋ," ಎಂದು ಅವರೇ ಕೊಡಿಸಿದ್ದರು. ಈ ವರ್ಷದ ಮಳೆಗೆ ಅವಳ ಬಚ್ಚಲಿನ ನೆಲ ಸೀಳಿ ನೀರು ಉಕ್ಕಿತು. ಮೇಷ್ಟ್ರು ನೀರಿನ ಜಾಡು ಹಿಡಿದು ಮೋರಿಗಿಳಿದಿದ್ದರು.

ಈಗ ಬಡಾವಣೆಯ ಕಂಪನಿಗೆ ಮೇಲಿನ ಇಳಿಜಾರೂ ಬೇಕಾಗಿತ್ತು. ಕೆರೆಯ ಒರತೆಗಳೆಲ್ಲ ಇರುವುದು ಅಲ್ಲಿ. ಅಲ್ಲಿಗೆ ಹೋಗಲು ಅಕ್ಕನ ಜಮೀನು ಬಿಟ್ಟರೆ ಬೇರೆ ದಾರಿಯಿಲ್ಲ, ಅಕ್ಕ ಮಾರುವವಳಲ್ಲ. ಕಂಪನಿ ನಕ್ಷೆ ತೆಗೆದು ತೋರಿಸಿತು: ಗಾಡಿದಾರಿ ಇದೆಯಲ್ಲ, ದಾರಿ ಅಂದಮೇಲೆ ಸಾರ್ವಜನಿಕರದು, ರಸ್ತೆ ಮಾಡುತ್ತೇವೆ. ಮುಂದಿನ ತಿಂಗಳು ಮಂಡಳಿಯಲ್ಲಿ ಕೊನೆಯ ವಿಚಾರಣೆ.

ಮೇಷ್ಟ್ರು ಪರೀಕ್ಷಕಿಯನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದರು. ಅಕ್ಕ ಮೆಟ್ಟಿಲ ಮೇಲೆ ಬಿತ್ತನೆಬೀಜ ಆರಿಸುತ್ತಿದ್ದಳು. ತಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

"ನನ್ನ ಭೂಮಿ ಎಂದೆಂದಿಗೂ ಹೀಗೇ ಇರಲಿ, ಯಾರೂ ಕಟ್ಟೋದು ಬೇಡ ಅಂತ ಮಂಡಳಿಗೆ ಪತ್ರ ಬರೆದುಕೊಡೋಕೆ ನಂಗೇನಮ್ಮ ಕಷ್ಟ?" ಎಂದಳು ಪರೀಕ್ಷಕಿಗೆ. "ಆದ್ರೆ ನಡುವೆ ದಾರಿ ಇದೆ ಅಂತ ಈ ಮಹಾನುಭಾವ ಬರೆದಿಟ್ಟಿದ್ದಾನಲ್ಲ. ಅದು ಹಾಗೇ ಇರೋವಾಗ ನನ್ನ ಸಹಿ ತಗೊಂಡು ಉಪ್ಪಿನಕಾಯಿ ಹಾಕ್ತೀರಾ?"

"ಅಕ್ಕಾ, ಅದನ್ನ ತಿದ್ದಿದ್ರೆ ಕೆಳಗಿನ ಬೀದಿನೂ ಹಳ್ಳ ಆಗುತ್ತೆ. ಮಗಳ ಮನೆ..."

"ಗೊತ್ತು. ಅವಳಿಗೆ ನಾನೇನು ದಾರಿಹೋಕಳಾ? ಸೋದರತ್ತೆ." ಅಕ್ಕ ಹುಳುಕು ಬೀಜವೊಂದನ್ನು ಅಂಗಳಕ್ಕೆಸೆದಳು. "ಒಂದು ಸಲ ಹೇಳಿದ್ದೆ, ಕೇಳಲಿಲ್ಲ. ಎರಡನೇ ಸಲ ಹೇಳಲ್ಲ."

ಬಸ್ಸಿಗೆ ಕಾಯುವಾಗ ಮೇಷ್ಟ್ರು ತಗ್ಗಿದ ದನಿಯಲ್ಲಿ ಕೇಳಿದರು, "ಮೇಲಿನದ್ದು ಮಾತ್ರ ಹಳ್ಳ, ಕೆಳಗಿನದ್ದು ದಾರಿ ಅಂತ ಬರೆಯೋಕಾಗಲ್ವಾ ತಾಯಿ?"

"ಮೇಲಿನ ನೀರು ಎಲ್ಲಿಗೆ ಹೋಯ್ತು ಅಂತ ಕೇಳ್ತಾರಲ್ಲ ಸರ್."



ವಿಚಾರಣೆಯ ದಿನ ಸಭಾಂಗಣದಲ್ಲಿ ಮೂರನೇ ಬೀದಿಯವರೂ ತುಂಬಿದ್ದರು. ಮಗಳು ಕೊನೆಯ ಸಾಲಿನಲ್ಲಿದ್ದಳು. ಪರೀಕ್ಷಕಿ ಮೋರಿಯ ನೀರಿನ ವರದಿ ಓದಿ ಕೂತಳು. ಮೇಷ್ಟ್ರು ಎದ್ದರು.

"ಅದು ಹಳ್ಳ. ಬೇಸಿಗೆಯಲ್ಲಿ ಅಳೆದು ದಾರಿ ಅಂತ ಬರೆದೆ. ನಮ್ಮಕ್ಕ ಹೇಳಿದ್ಲು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ."

ಕಂಪನಿಯ ವಕೀಲರು ನಕ್ಕರು. "ಅಕ್ಕನ ಆಸ್ತಿ ಉಳಿಸೋಕೆ ಹನ್ನೆರಡು ವರ್ಷದ ಮೇಲೆ ಹಳ್ಳ ಹುಟ್ಟಿತೋ?"

"ಹಾಗಿದ್ರೆ ಮಗಳ ಮನೆ ಯಾಕೆ ಕಳೀತಿದ್ದೆ ಸ್ವಾಮಿ?"

ಹಿಂದೆ ಕುರ್ಚಿಯೊಂದು ಕಿರ್ರೆಂದಿತು. ಪರೀಕ್ಷಕಿ ತಿರುಗಿ ನೋಡುವಷ್ಟರಲ್ಲಿ ಮಗಳು ಬಾಗಿಲು ದಾಟಿದ್ದಳು. ಮೇಷ್ಟ್ರು ಮಗಳಿಗೆ ಒಂದು ಮಾತೂ ಹೇಳಿರಲಿಲ್ಲವೆಂದು ಪರೀಕ್ಷಕಿಗೆ ಆಗ ಅರ್ಥವಾಯಿತು.

ನಕ್ಷೆ ತಿದ್ದಿದರು. ಅದೇ ವಾರ ಅಕ್ಕ ಮಂಡಳಿಯ ಪತ್ರಕ್ಕೆ ಸಹಿ ಹಾಕಿದಳು, ಮೇಲಿನ ಇಳಿಜಾರು ಉಳಿಯಿತು. ಮೂರನೇ ಬೀದಿಯ ಹನ್ನೊಂದು ಮನೆಗಳಿಗೆ ಖಾಲಿ ಮಾಡುವ ನೋಟಿಸು ಬಂತು. ತಪ್ಪು ನಕ್ಷೆಯ ವಿಚಾರಣೆ ಮುಗಿಯುವವರೆಗೆ ಮೇಷ್ಟ್ರ ಪಿಂಚಣಿಯನ್ನೂ ತಡೆಹಿಡಿದರು. ಬೀದಿಯ ಹೆಂಗಸೊಬ್ಬಳು ಪ್ರಯೋಗಾಲಯದ ಬಾಗಿಲಿಗೇ ಬಂದು, "ನಿಮ್ಮ ಬಾಟಲಿ ನಮ್ಮನ್ನ ಬೀದಿಗೆ ತಂತು," ಎಂದು ಅತ್ತಾಗ ಪರೀಕ್ಷಕಿ ಕುರ್ಚಿ ಎಳೆದು ಅವಳನ್ನು ಕೂರಿಸಿದಳು. ಆ ಹೆಂಗಸು ಮಾಡಿದ ತಪ್ಪೇನೂ ಇರಲಿಲ್ಲ.

ಮಗಳು ಸಾಮಾನು ಕಟ್ಟುವ ದಿನ ಮೇಷ್ಟ್ರು ಹೊರಲು ಹೋದರು. ಅವಳು ಅವರ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡಳು.

"ಸಭೆಯಲ್ಲಿ ಹೇಳಿದ್ದನ್ನ ಮೊದಲು ನನಗೆ ಹೇಳಬಹುದಿತ್ತು ಅಪ್ಪಾ."

"ಹೇಳಿದ್ರೆ ನೀನು ಬೇಡ ಅಂತಿದ್ದೆ. ನಾನು ನಿನ್ನ ಮಾತು ಕೇಳಿಬಿಡ್ತಿದ್ದೆ."

ಅವಳು ಊರಿನ ಆಚೆ ತುದಿಯಲ್ಲಿ ಬಾಡಿಗೆಗೆ ಹೋದಳು. ಫೋನು ಮಾಡಿದರೆ ಎತ್ತುವುದಿಲ್ಲ. ಕೆರೆಯೂ ಪೂರ್ತಿ ಸುಧಾರಿಸಿಲ್ಲ, ಪರೀಕ್ಷಕಿ ಈಗಲೂ ಮೊದಲಿಗಿಂತ ಹೆಚ್ಚು ಕ್ಲೋರಿನ್ ಹಾಕಿಸುತ್ತಾಳೆ.

ಪಿಂಚಣಿ ನಿಂತ ಮೇಲಿನಿಂದ ಮೇಷ್ಟ್ರು ಅಕ್ಕನ ಮನೆಯ ಹೊರಕೋಣೆಯಲ್ಲಿದ್ದಾರೆ. ಮಂಡಳಿಯ ದಿನಗೂಲಿ ಕಾವಲುಗಾರರಾಗಿ ವಾರಕ್ಕೆರಡು ಸಲ ಮೇಲಿನ ಇಳಿಜಾರಿನ ಗಡಿಕಲ್ಲುಗಳನ್ನು ಸುತ್ತಿ ಬರುತ್ತಾರೆ. ಯಾರಾದರೂ ಕಿತ್ತಿದ್ದರೆ ಮತ್ತೆ ನೆಡುತ್ತಾರೆ.