ರಂಗೋಲಿಗಾಗಿ ಮುಚ್ಚಿದ ಗುಂಡಿ

ವಿಜಯನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಬಾಗಿಲ ಮುಂದೆ ಜಲ್ಲಿ ತುಂಬಿದ ಇಂಗುಗುಂಡಿಯೊಂದಿತ್ತು. ತಾರಸಿಯ ಮಳೆನೀರು ಪೈಪಿನಲ್ಲಿ ಇಳಿದು ಅದರ ಮೂಲಕ ನೆಲ ಸೇರುತ್ತಿತ್ತು. ಜಲ್ಲಿಯ ಮೇಲೆ ರಂಗೋಲಿ ಹಾಕಲಾಗುವುದಿಲ್ಲವೆಂದು ಮನೆ ಒಡತಿ ಗುಂಡಿ ಮುಚ್ಚಿಸಿ, ಗ್ರಾನೈಟ್ ಹಾಸಿಸಿ, ಪೈಪನ್ನು ಮೋರಿಗೆ ತಿರುಗಿಸಿಬಿಟ್ಟರು.

"ಆಂಟಿ, ಹಿಂಗೆ ಮಾಡಿದ್ರೆ ಬೋರ್‌ವೆಲ್‌ಗೆ ನೀರು ಎಲ್ಲಿಂದ ಬರ್ಬೇಕು?" ಎಂದೆ.

"ಕೆಳಗಿಂದ ಕಣಮ್ಮ," ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಮೇಲಿಂದ ಇಳಿಯದ ನೀರು ಕೆಳಗೆ ತಾನಾಗಿಯೇ ಹುಟ್ಟುತ್ತದೆಯೇ?

ರಂಗೋಲಿಯೇನೋ ಅಂದವಾಗಿ ಬಂತು. ಬೇಸಿಗೆಗೆ ಬೋರ್‌ವೆಲ್ ಬತ್ತಿತು. ಬ್ಯಾಡರಹಳ್ಳಿ ಕಡೆಯಿಂದ ಟ್ಯಾಂಕರ್ ತರಿಸತೊಡಗಿದರು. ಅದರಲ್ಲಿದ್ದದ್ದೂ ಅಲ್ಲಿನ ನೆಲ ಎಂದೋ ಕುಡಿದಿಟ್ಟ ಮಳೆಯೇ.

ಒಂದು ಸಂಜೆ ಟ್ಯಾಂಕರ್ ಬಂದು ನಿಂತದ್ದೇ ತಡ, ಧೋ ಎಂದು ಮಳೆ ಸುರಿಯಿತು. ನಮ್ಮ ತಾರಸಿಯ ನೀರೆಲ್ಲ ಅದರ ಚಕ್ರ ತೊಳೆಯುತ್ತ ಮೋರಿಗೆ ಹರಿಯಿತು. ಡ್ರೈವರ್ ನೆಲದಡಿಯ ನಮ್ಮ ಸಂಪಿನ ಮುಚ್ಚಳ ಎತ್ತಿ ಪೈಪು ಇಳಿಬಿಟ್ಟ. ಕೊಡೆ ಹಿಡಿದು ನಿಂತಿದ್ದ ಒಡತಿ ಗಾಬರಿಯಾಗಿ ಕೂಗಿಕೊಂಡರು:

"ಅಯ್ಯೋ, ಮುಚ್ಚಳ ಅಷ್ಟೊಂದು ತೆಗೀಬೇಡಪ್ಪ! ಮಳೆ ನೀರು ಒಳಗೆ ಬಿದ್ಬಿಡತ್ತೆ!"