ಹಾಡಿನ ನಡುವೆ ಮಾಡಿದ ಆಯೇರಿ

ಕಳೆದ ವಾರ ರಬಕವಿಯಿಂದ ಬಂದ ತಂಗಿ ಹೊಸ ಸೀರೆಯೊಂದರ ಮಡಿಕೆ ಬಿಚ್ಚಿದಳು. ಮಗ್ಗದಿಂದ ಈಗಷ್ಟೇ ಇಳಿದ ಸೀರೆಯ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಬಣ್ಣ ಹೇಗಿದೆ ಎಂದು ಅವಳು ಕೇಳುತ್ತಲೇ ಇದ್ದಳು. ಆ ವಾಸನೆಯ ಬೆನ್ನು ಹತ್ತಿ ನನ್ನ ಮನಸ್ಸು ಆಗಲೇ ಜಾಂಬಿಯಾದ ಒಂದು ಶಾಲೆಯ ಸಭಾಂಗಣ ಸೇರಿತ್ತು. ಪಕ್ಕದ ಕುರ್ಚಿಯಲ್ಲಿ ಕಾಕಾ...

ಕಾಕಾ ನನಗೆ ಬಳಗವೇನಲ್ಲ. ಬೀಳಗಿಯವರು, ಗಣಿತದ ಮಾಸ್ತರು. ನಾನು ಬನಹಟ್ಟಿಯವನು, ವಿಜ್ಞಾನ ಕಲಿಸುತ್ತಿದ್ದೆ. ಎಪ್ಪತ್ತರ ದಶಕದಲ್ಲಿ ಇಬ್ಬರೂ ಕರಾರಿನ ಮೇಲೆ ಅಲ್ಲಿಗೆ ಹೋದವರು. ಊರಲ್ಲಿದ್ದರೆ ಬೀಳಗಿಯವರು ಯಾರೋ, ಬನಹಟ್ಟಿಯವರು ಯಾರೋ. ಅಲ್ಲಿ ಮಾತ್ರ ಒಂದೇ ಮನೆಯವರಾದೆವು. ಭಾನುವಾರ ಅವರು ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯಲು ಹೋಗಿ ಭೂಪಟ ಮಾಡುತ್ತಿದ್ದರು. ನಾನು ನಕ್ಕರೆ, "ತಿನ್ನಲೇ ತಮ್ಮಾ, ಹೊಟ್ಟ್ಯಾಗ ಹೋದಮ್ಯಾಲೆ ಆಕಾರ ಯಾಂವ ನೋಡ್ತಾನ?" ಎನ್ನುತ್ತಿದ್ದರು.

ಆ ವರ್ಷದ ಶಾಲಾ ಸಂಗೀತ ಕಾರ್ಯಕ್ರಮದಲ್ಲಿ ಕಾಕಾನ ತರಗತಿಯ ಹುಡುಗಿಯೊಬ್ಬಳು ಒಬ್ಬಳೇ ಹಾಡುವವಳಿದ್ದಳು. ಕ್ಲಾಸಿನಲ್ಲಿ ಪ್ರಶ್ನೆ ಕೇಳಿದರೆ ತುಟಿ ಪಿಟಕ್ಕೆನ್ನದವಳು. ವೇದಿಕೆ ಹತ್ತಿ ಅವಳು ಬಾಯಿ ತೆರೆದಾಗ ಇಡೀ ಸಭಾಂಗಣ ಸುಮ್ಮನಾಯಿತು. ಕಾಕಾನ ಕಣ್ಣಲ್ಲಿ ನೀರು. ಕಾಲ ಬಳಿಯ ಚೀಲದಲ್ಲಿ, ಊರಿನಿಂದ ತಂದು ಟ್ರಂಕಿನಲ್ಲಿ ಜೋಪಾನ ಮಾಡಿದ್ದ ಸೀರೆಯೊಂದು ಇತ್ತು. ಕಾರ್ಯಕ್ರಮ ಮುಗಿದ ಮೇಲೆ ಕೊಡುತ್ತಾರೆಂದು ನಾನು ತಿಳಿದಿದ್ದೆ.

ನಮ್ಮ ಕಡೆಯ ಬಯಲಾಟ, ನಾಟಕ ನೋಡಿದವರಿಗೆ ಗೊತ್ತು. ಪಾತ್ರಧಾರಿ ಮನಸ್ಸು ಕರಗುವಂತೆ ಹಾಡಿದರೆ, ಮೆಚ್ಚಿದವನು ಹಾಡು ಮುಗಿಯುವವರೆಗೆ ಕಾಯುವುದಿಲ್ಲ. ನಡುವೆಯೇ ರಂಗ ಹತ್ತಿ ಟವಲೋ ಸೀರೆಯೋ ಹೊದಿಸಿ ಆಯೇರಿ ಮಾಡುತ್ತಾನೆ. ಹಾರ್ಮೋನಿಯಂ ಪೇಟಿಯವನು ಒಂದು ಸ್ವರ ಹಿಡಿದುಕೊಂಡು ನಿಲ್ಲುತ್ತಾನೆ, ಕೊಟ್ಟವನ ಹೆಸರು ಕೂಗುತ್ತಾರೆ, ಮತ್ತೆ ಹಾಡು ಶುರು. ಕಾಯ್ದು ಕೊಟ್ಟರೆ ಅದೆಂಥ ಮೆಚ್ಚುಗೆ!

ಕಾಕಾ ಎದ್ದರು. ನಾನು ಅಂಗಿಯ ತುದಿ ಹಿಡಿದು ಎಳೆಯುವಷ್ಟರಲ್ಲಿ ಮೆಟ್ಟಿಲು ಹತ್ತಿದ್ದರು. ಕಣ್ಣು ಮುಚ್ಚಿ ಹಾಡುತ್ತಿದ್ದ ಹುಡುಗಿಯ ಹೆಗಲ ಮೇಲೆ ಹಿಂದಿನಿಂದ ಸೀರೆ ಹೊದಿಸಿಬಿಟ್ಟರು. ಆಕೆ ಚಿಟ್ಟನೆ ಚೀರಿ ಹಿಂದೆ ಸರಿದಳು. ಸೆರಗು ಕಾಲಿಗೆ ತೊಡರಿ, ಮೈಕಿನ ಸಮೇತ ಬಿದ್ದಳು. ಹುಡುಗರು ಹೋ ಎಂದು ನಕ್ಕರು. ಅವಳು ಅಳುತ್ತಾ ಹೊರಗೆ ಓಡಿದಳು. ಕಾಕಾ ಮಾತ್ರ ಸೀರೆಯ ಒಂದು ತುದಿ ಹಿಡಿದುಕೊಂಡು, ಹಾಡು ಮತ್ತೆ ಶುರುವಾದೀತೆಂದು ಕಾಯುವವರ ಹಾಗೆ ನಿಂತೇ ಇದ್ದರು...

ಮರುದಿನ ಅವರು ಆ ಹುಡುಗಿಯ ಮುಂದೆ ಕೈಮುಗಿದು ತಪ್ಪಾಯಿತೆಂದರು. ಆಕೆ ತಲೆ ತಗ್ಗಿಸಿ, ಆಗಲಿ ಸರ್ ಎಂದಳು. ಆದರೆ ಮುಖ್ಯೋಪಾಧ್ಯಾಯಿನಿ ಬಿಡಲಿಲ್ಲ, ನಮ್ಮಿಬ್ಬರನ್ನೂ ತಮ್ಮ ಕೋಣೆಗೆ ಕರೆಸಿದರು. ಆಂಗ್ಲ ಹೆಂಗಸು, ಶಿಸ್ತು ಎಂದರೆ ಶಿಸ್ತು. ಗಂಡಸು ಮಾಸ್ತರು ತುಂಬಿದ ಸಭೆಯಲ್ಲಿ ವಿದ್ಯಾರ್ಥಿನಿಯ ಮೈಮೇಲೆ ಬಟ್ಟೆ ಹಾಕುವುದೆಂದರೇನು? ಇದು ನಮ್ಮಲ್ಲಿಯ ಪದ್ಧತಿ ಎಂದು ಕಾಕಾ ತಮ್ಮ ಹರಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಆಕೆ ನನ್ನ ಕಡೆ ತಿರುಗಿದರು.

"ನೀವೂ ಅದೇ ಭಾಗದವರು. ಇಂಥ ಪದ್ಧತಿ ಇದೆಯೇ?"

ಅದೇ ತಿಂಗಳು ನನ್ನ ಕರಾರೂ ಮುಗಿಯುವುದಿತ್ತು. ಅದನ್ನು ಮುಂದುವರಿಸುವ ಸಹಿ ಆ ಹೆಂಗಸಿನದು. ಕಾಕಾ ನನ್ನನ್ನೇ ನೋಡುತ್ತಿದ್ದರು, ಈ ತಮ್ಮ ಹೇಳುತ್ತಾನೆಂಬ ಧೈರ್ಯದಿಂದ.

"ನಾನು ನೋಡಿಲ್ಲ ಮೇಡಂ," ಎಂದೆ.

ನನ್ನ ಅಪ್ಪನಿಗೆ ಆಟದ ಹುಚ್ಚು. ಹೆಗಲ ಮೇಲಿನ ಟವಲನ್ನು ಆಯೇರಿ ಮಾಡಿ ಬರಿಗೈಯಲ್ಲಿ ಮನೆಗೆ ಬಂದು ಅವ್ವನಿಂದ ಎಷ್ಟು ಸಲ ಬೈಸಿಕೊಂಡಿದ್ದನೋ!

ಕಾಕಾನ ಕರಾರು ಮುಂದುವರಿಯಲಿಲ್ಲ. ನನ್ನದು ಮುಂದುವರಿಯಿತು. ಕಾಕಾ ಇನ್ನೆರಡು ವರ್ಷ ಅಲ್ಲಿದ್ದರೆ ಅವರ ಮಗಳ ಡಾಕ್ಟರಿಕೆ ಓದು ಮುಗಿಯುತ್ತಿತ್ತು ಎಂಬುದು ನನಗೆ ಗೊತ್ತಿತ್ತು. ಅವರು ಟ್ರಂಕು ಕಟ್ಟುವಾಗ ನಾನು ಬಾಗಿಲಲ್ಲಿ ನಿಂತು, "ಕಾಕಾ, ನಾ ಅವತ್ತ..." ಎಂದು ಶುರುಮಾಡಿದೆ.

"ಬಿಡಲೇ ತಮ್ಮಾ," ಎಂದರು ತಲೆ ಎತ್ತದೆ. "ಇಬ್ಬರದೂ ನೌಕರಿ ಹೋಗಿದ್ರ ಏನ್ ಬರ್ತಿತ್ತು? ಹಗ್ಗದ ಆ ತುದಿ ಹಿಡಿ."

ಊರಿಗೆ ಹೋದ ಮೇಲೆ ಅವರು ಎರಡು ಪತ್ರ ಬರೆದರು. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ, ಯಾವ ಮುಖ ಹೊತ್ತು ಬರೆಯಲಿ? ನಾಲ್ಕು ವರ್ಷದ ನಂತರ ಊರಿಗೆ ಬಂದವನು, ಕೊನೆಗೂ ಧೈರ್ಯ ಮಾಡಿ ಬೀಳಗಿಯ ಬಸ್ಸು ಹತ್ತಿದೆ. ಕಾಲಿಗೆ ಬಿದ್ದಾದರೂ ತಪ್ಪಾಯಿತು ಅನ್ನಬೇಕೆಂದಿದ್ದೆ. ಕಾಕಾ ತೀರಿಹೋಗಿ ಆಗಲೇ ಆರು ತಿಂಗಳಾಗಿತ್ತು.

ಹೆಸರು ಹೇಳಿದ್ದೇ ತಡ, ಅವರ ಹೆಂಡತಿ ಕಾಕು ನನ್ನ ಎರಡೂ ಕೈ ಹಿಡಿದುಕೊಂಡರು.

"ಬನಹಟ್ಟಿ ಮಾಸ್ತರ ಅಂದ್ರ ನೀವ ಏನ್ರಿ? ಬರ್ರಿ, ಒಳಗ ಬರ್ರಿ. ಅವರು ಸಾಯೂತನಕ ನಿಮ್ಮ ಹೆಸರ ತಗೀತಿದ್ರು. ಆ ಇಂಗ್ಲಿಷ್ ಹೆಡ್ ಬಾಯಾರ ಮುಂದ, ಇದು ನಮ್ಮ ಕಡಿ ಪದ್ಧತಿ ಐತಿ, ಇವರದೇನೂ ತಪ್ಪಿಲ್ಲ ಅಂತ ಗಟ್ಟಿಸಿ ಹೇಳಿದವರು ನೀವೊಬ್ಬರ ಅಂತಲ್ಲ. ಏನ್ ಧೈರ್ಯರಿ ನಿಮ್ಮದು!"

ಅಲ್ಲ ಎನ್ನಲು ಬಾಯಿ ತೆರೆದೆ. ಗಂಡನ ಮಾತು ಸುಳ್ಳೆಂದು ಆ ತಾಯಿಗೆ ಹೇಗೆ ಹೇಳಲಿ? ಅಥವಾ ಅದೂ ನನ್ನ ನೆಪವೇ ಇರಬಹುದು. ಅವರು ಕೊಟ್ಟ ಚಹಾ ಕುಡಿದು, ಹೊಗಳಿಕೆಯನ್ನೂ ನುಂಗಿ, ಸಂಜೆಯ ಬಸ್ಸಿಗೆ ತಿರುಗಿ ಬಂದೆ.

ಈಗ ಕಾಕುವೂ ಇಲ್ಲ. ಆ ಮುಖ್ಯೋಪಾಧ್ಯಾಯಿನಿ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ... ಆ ಕೋಣೆಯಲ್ಲಿ ನಿಜವಾಗಿ ಏನಾಯಿತೆಂದು ಬಲ್ಲವನು ಬಹುಶಃ ನಾನೊಬ್ಬನೇ ಉಳಿದಿದ್ದೇನೆ. ಕೇಳಲು ಯಾರೂ ಇಲ್ಲದಾಗ ಹೇಳುವುದರಲ್ಲಿ ಏನು ದೊಡ್ಡಸ್ತಿಕೆ? ಆದರೂ ಹೇಳುತ್ತೇನೆ. ಇದೆ ಮೇಡಂ, ಅದು ನಮ್ಮ ಕಡೆಯ ಪದ್ಧತಿ. ನನ್ನ ಅಪ್ಪನೂ ಮಾಡುತ್ತಿದ್ದ.